ಅಂಗೈಯಗಲದ ಬೀದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಇದೇ ಅಂಕಣದಲ್ಲಿ ಪ್ಲಾಸ್ಟಿಕ್ ವಿಮಾನದ ಕಿಟ್ ಜೋಡಿಸುವ ಬಗ್ಗೆ ಉತ್ತರಿಸುವಾಗ, ವಿಮಾನಕ್ಕಿಂತ ಅದು ನಿಂತಿರುವ ನೆಲವೇ ನನ್ನನ್ನು ಹೆಚ್ಚು ಸೆಳೆಯುತ್ತದೆ ಎಂದು ಒಂದು ಮಾತು ಬರೆದಿದ್ದೆ. ಆ ಒಂದು ಮಾತಿಗೆ ಬಂದಿರುವ ಪತ್ರಗಳನ್ನು ನೋಡಿದರೆ, ಬೆಂಗಳೂರಿನ ಎಷ್ಟು ಮನೆಗಳ ಅಟ್ಟದ ಮೇಲೆ ಅರ್ಧ ಬಣ್ಣ ಬಳಿದ ಟ್ಯಾಂಕುಗಳೂ ರೈಲುಗಳೂ ಮಲಗಿವೆಯೋ ಎಂದು ಆಶ್ಚರ್ಯವಾಗುತ್ತದೆ. ಹಾಗಾಗಿ ಈ ಸಲದ ಅಂಕಣವನ್ನು ಡಯೋರಾಮಾಗಳಿಗೇ, ಅಂದರೆ ವಸ್ತು, ಮನುಷ್ಯ, ನೆಲ ಮೂರನ್ನೂ ಒಂದೇ ಅಳತೆಗೆ ಕುಗ್ಗಿಸಿ ಕಟ್ಟಿದ ಪುಟ್ಟ ದೃಶ್ಯಗಳಿಗೇ, ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೀಗ 58 ವರ್ಷ. ನಾನು ಹುಡುಗನಾಗಿದ್ದಾಗ ಸೋದರಮಾವ ಅಮೆರಿಕದಿಂದ ತಂದುಕೊಟ್ಟ ಮೊನೋಗ್ರಾಮ್ ಕಂಪನಿಯ ಕಿಟ್ಟಿನ ಪೆಟ್ಟಿಗೆಯಲ್ಲಿ ಡಯೋರಾಮಾ ಚಿತ್ರಗಳಿದ್ದ ಬಣ್ಣದ ಮಡಿಕೆ ಹಾಳೆಯೊಂದು ಇತ್ತು. ಅದನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಈಗ ಮೊಬೈಲಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ನಾಜೂಕಾದ ಮಾದರಿಗಳು ಕಾಣಸಿಗುತ್ತವೆ, ಆದರೂ ಮನಸ್ಸು ಆ ಹಳೆಯ ಹಾಳೆಗೇ ಮರಳುತ್ತದೆ. ಇದು ಬರೀ ಬಾಲ್ಯದ ಮೋಹವೇ? (ಓದುಗರೊಬ್ಬರು, ಬಸವನಗುಡಿ)

ಮೋಹ ಇದ್ದೇ ಇರುತ್ತದೆ, ಅದನ್ನು ಅಲ್ಲಗಳೆಯುವುದೇಕೆ? ಆದರೆ ನಿಮ್ಮ ಹಾಳೆಯಲ್ಲಿ ಮೋಹವನ್ನು ಮೀರಿದ್ದೂ ಒಂದಿದೆ. 1970ರ ದಶಕದಲ್ಲಿ ಮೊನೋಗ್ರಾಮ್ ಕಿಟ್ಟುಗಳ ಜೊತೆ ಬರುತ್ತಿದ್ದ ಆ ಹಾಳೆಗಳ ಡಯೋರಾಮಾಗಳನ್ನು ಕಟ್ಟಿದವರು ಷಿಕಾಗೋದಲ್ಲಿ ನೆಲೆಸಿದ್ದ ಶೆಪರ್ಡ್ ಪೇನ್. 2015ರಲ್ಲಿ ತೀರಿಕೊಂಡ ಅವರು ಒಂದಿಡೀ ಪೀಳಿಗೆಗೆ ದೂರಶಿಕ್ಷಣದ ಮೇಷ್ಟರಂತಿದ್ದರು. ಇಂದಿನ ಕಣ್ಣಿಗೆ ಆ ಮಾದರಿಗಳ ಬಣ್ಣಗಾರಿಕೆ ಸರಳವೆನಿಸಬಹುದು, ಕೆಲವೆಡೆ ಒರಟೂ ಅನ್ನಿಸೀತು. ಆದರೆ ಅವುಗಳಲ್ಲಿ ಯಂತ್ರವು ಮದುವಣಗಿತ್ತಿಯ ಹಾಗೆ ಅಲಂಕರಿಸಿಕೊಂಡು ಕೂತಿರುವುದಿಲ್ಲ. ಅದು ನಾಲ್ಕು ಜನರು ಬೆವರು ಸುರಿಸುವ ಜಾಗ. ಒಬ್ಬ ಏನನ್ನೋ ಎತ್ತುತ್ತಿರುತ್ತಾನೆ, ಇನ್ನೊಬ್ಬ ಅವನ ಕಡೆ ತಿರುಗಿರುತ್ತಾನೆ, ಅವರ ನೋಟ ಹೋದ ಕಡೆಗೇ ನಮ್ಮ ಕಣ್ಣೂ ಹೋಗುತ್ತದೆ.

ಒಳ್ಳೆಯ ಡಯೋರಾಮಾವನ್ನು ಗುರುತಿಸಲು ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ಈ ದೃಶ್ಯಕ್ಕೆ ಒಂದು ನಿಮಿಷ ಹಿಂದೆ ಇಲ್ಲಿ ಏನು ನಡೆದಿತ್ತು ಎಂಬುದನ್ನು ಯಾರ ವಿವರಣೆಯೂ ಇಲ್ಲದೆ ನೋಡುಗ ಹೇಳಬಲ್ಲನೇ? ಹೇಳಬಲ್ಲನಾದರೆ ಕಟ್ಟಿದವನು ಒಂದು ಗಳಿಗೆಯನ್ನು ಆರಿಸಿಕೊಂಡಿದ್ದಾನೆ ಎಂದರ್ಥ. ಇಲ್ಲವಾದರೆ, ಎಷ್ಟೇ ನಾಜೂಕಾಗಿ ತುಕ್ಕು ಹಿಡಿಸಿದ್ದರೂ, ಅದು ನೆಲದ ಮೇಲಿಟ್ಟ ಒಂದು ಮಾದರಿ ಅಷ್ಟೆ. ಇಂದು ಕೈಗೆ ಸಿಗುವ ಅತಿ ತೆಳು ಲೋಹದ ಬಿಡಿಭಾಗಗಳು, 3ಡಿ ಮುದ್ರಣದ ರೆಸಿನ್ ಮುಖಗಳು, ಹತ್ತು ಬಗೆಯ ಮಣ್ಣಿನ ಪುಡಿಗಳು ಇವೆಲ್ಲ ಹಳಬರಿಗೆ ಇರಲಿಲ್ಲ. ಇಲ್ಲದ್ದರಿಂದಲೇ ಅವರು ಗಳಿಗೆಯ ಆಯ್ಕೆಯ ಮೇಲೆ ಅಷ್ಟು ಭಾರ ಹಾಕಿದರೇನೋ ಎಂದು ನನಗೆ ಅನುಮಾನ.

ಈ ಮಾತಿಗೆ ಪ್ಲಾಸ್ಟಿಕ್ಕಿಗಿಂತಲೂ ಬಹಳ ಹಿಂದಿನ ಒಂದು ಸಾಕ್ಷಿ ಇದೆ. ಬ್ರಿಟಿಷ್ ಸೇನೆಯ ಅಧಿಕಾರಿ ವಿಲಿಯಂ ಸೈಬೋರ್ನ್, 1815ರ ವಾಟರ್ಲೂ ಕದನದ ಮಾದರಿಯನ್ನು ಕಟ್ಟಲು 1830ರಲ್ಲಿ ರಣಭೂಮಿಯ ನಡುವಿನ ತೋಟದ ಮನೆಯಲ್ಲೇ ಎಂಟು ತಿಂಗಳು ಉಳಿದು ನೆಲವನ್ನು ಅಳೆದ. ಕದನದಲ್ಲಿ ಬದುಕುಳಿದಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದು, ಸಂಜೆ ಸುಮಾರು ಏಳು ಗಂಟೆಗೆ ನಿಮ್ಮ ಪಡೆ ಎಲ್ಲಿ ನಿಂತಿತ್ತು, ಎದುರಿಗೆ ಯಾರಿದ್ದರು, ಸುತ್ತಲಿನ ಹೊಲದಲ್ಲಿ ಯಾವ ಪೈರಿತ್ತು ಎಂದು ಕೇಳಿದ. ಮೈಲಿಗೆ ಒಂಬತ್ತು ಅಡಿಯ ಅಳತೆಯಲ್ಲಿ, ಎಪ್ಪತ್ತು ಸಾವಿರಕ್ಕೂ ಹೆಚ್ಚು ತವರದ ಸೈನಿಕರೊಂದಿಗೆ ಆ ಮಾದರಿ 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂತು. ಇಂದು ಅದು ಅಲ್ಲಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ದಿನವಿಡೀ ನಡೆದ ಯುದ್ಧದಲ್ಲಿ ಅವನು ಬೇರೆಲ್ಲವನ್ನೂ ಬಿಟ್ಟು ಸಂಜೆ ಏಳರ ಗಳಿಗೆಯನ್ನೇ ಹಿಡಿದ. ಆ ಆಯ್ಕೆಯೇ ಅವನಿಗೆ ಮುಳುವಾಯಿತು ಎನ್ನಬೇಕು, ಏಕೆಂದರೆ ಆ ಹೊತ್ತಿಗೆ ನೆಪೋಲಿಯನ್ ವಿರುದ್ಧ ಬ್ರಿಟಿಷರ ಜೊತೆಗೂಡಿದ್ದ ಪ್ರಷ್ಯನ್ನರ ಪಡೆ ಎಷ್ಟು ಮುಂದೆ ಬಂದಿತ್ತು, ಗೆಲುವಿನಲ್ಲಿ ಅವರ ಪಾಲೆಷ್ಟು ಎಂಬ ದೊಡ್ಡ ಜಗಳಕ್ಕೆ ಆ ಪುಟ್ಟ ತವರದ ಗೊಂಬೆಗಳು ಕಾರಣವಾದವು. ಸೈಬೋರ್ನ್ ಸಾಲದಲ್ಲಿ ಮುಳುಗಿದ. ಸರ್ಕಾರ, ಸೇನಾಪತಿ, ಇತಿಹಾಸಕಾರರು ಎಲ್ಲರೂ ತಲೆ ಕೆಡಿಸಿಕೊಳ್ಳುವಷ್ಟು ಬಲ ಒಂದು ಮೇಜಿನ ಮೇಲಿನ ಮಾದರಿಗೆ ಬಂದದ್ದು ಅದು ಇಂಥ ಹೊತ್ತಿನಲ್ಲಿ ಹೀಗೇ ಇತ್ತು ಎಂದು ಖಚಿತವಾಗಿ ಹೇಳಿದ್ದರಿಂದ.

ನಿಮ್ಮ ಹಾಳೆಯನ್ನು ಇನ್ನೊಮ್ಮೆ ಬಿಡಿಸಿ ನೋಡುವಾಗ ಬಣ್ಣದ ಸಂಖ್ಯೆಗಳ ಪಟ್ಟಿಯನ್ನು ಬಿಟ್ಟು, ಗೊಂಬೆಗಳು ಯಾವ ದಿಕ್ಕಿಗೆ ನೋಡುತ್ತಿವೆ ಎಂಬುದನ್ನಷ್ಟೇ ಗಮನಿಸಿ.

ಪ್ರಶ್ನೆ: ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಪ್ರಸಿದ್ಧರೊಬ್ಬರ ಹಳೆಯ ಡಯೋರಾಮಾವನ್ನು ಚಿತ್ರ ನೋಡಿ ಹಾಗೆಯೇ ಕಟ್ಟುತ್ತಿದ್ದಾನೆ. ಇದು ಕೃತಿಚೌರ್ಯವಾಗುವುದಿಲ್ಲವೇ? (ತಂದೆಯೊಬ್ಬರು, ವಿಜಯನಗರ)

ಸಂಗೀತ ಕಲಿಯುವ ಹುಡುಗ ಗುರುಗಳು ಹಾಡಿದ್ದನ್ನೇ ಹಾಡುತ್ತಾನೆ, ಅದಕ್ಕೆ ಪಾಠವೆನ್ನುತ್ತೇವೆ. ಮನೆಯಲ್ಲಿ ಕಟ್ಟಿ ಕಲಿಯುವವರೆಗೆ ಯಾವ ತಪ್ಪೂ ಇಲ್ಲ. ಸ್ಪರ್ಧೆಗೆ ಇಡುವಾಗ ಮೂಲ ಯಾರದೆಂದು ಚೀಟಿಯಲ್ಲಿ ಬರೆದರೆ ಸಾಕು. ಆದರೆ ಒಂದು ಮಾತನ್ನು ಅವನಿಗೆ ಹೇಳಿ: ಪೂರ್ತಿಯಾದ ಮೇಲೆ ಮೂಲದಲ್ಲಿರುವ ಒಂದು ಗೊಂಬೆಯನ್ನು ತೆಗೆದುಬಿಟ್ಟು ನೋಡಲಿ. ಕಥೆ ಕುಸಿದರೆ ಆ ಗೊಂಬೆ ಅಲ್ಲೇಕೆ ಇತ್ತೆಂಬುದು ಅವನಿಗೆ ಅರ್ಥವಾಗುತ್ತದೆ. ಕುಸಿಯದಿದ್ದರೆ ಪ್ರಸಿದ್ಧರೂ ಕೆಲವೊಮ್ಮೆ ಜಾಗ ತುಂಬಿಸುತ್ತಾರೆಂಬುದು ತಿಳಿಯುತ್ತದೆ. ಎರಡೂ ಲಾಭವೇ.

ಪ್ರಶ್ನೆ: ಡಯೋರಾಮಾ ಎಂಬುದಕ್ಕೆ ಕನ್ನಡದಲ್ಲಿ ಒಳ್ಳೆಯ ಪದವಿಲ್ಲವೇ? (ನಿವೃತ್ತ ಅಧ್ಯಾಪಕರೊಬ್ಬರು, ರಾಜಾಜಿನಗರ)

ದಸರಾ ಮೆರವಣಿಗೆಯ ‘ಸ್ತಬ್ಧಚಿತ್ರ’ ಅರ್ಥದಲ್ಲಿ ತೀರ ಹತ್ತಿರದ್ದು, ಆದರೆ ಅದನ್ನು ಕೇಳಿದೊಡನೆ ಕಣ್ಣಿಗೆ ಲಾರಿ ಕಾಣುತ್ತದೆ. ಮೂಲ ಪದವೂ ಪುಟ್ಟ ಮಾದರಿಗಳದ್ದಾಗಿರಲಿಲ್ಲ. ಮುಂದೆ ಛಾಯಾಗ್ರಹಣದಿಂದ ಹೆಸರಾದ ಲೂಯಿ ಡಾಗೇರ್ 1822ರಲ್ಲಿ ಪ್ಯಾರಿಸ್ಸಿನಲ್ಲಿ ತೆರೆದ ರಂಗಶಾಲೆಯ ಹೆಸರು ಅದು. ಬೃಹತ್ ಪರದೆಗಳ ಮೇಲಿನ ಚಿತ್ರಕ್ಕೆ ಹಿಂದಿನಿಂದಲೂ ಮುಂದಿನಿಂದಲೂ ಬೆಳಕನ್ನು ಬದಲಿಸುತ್ತಾ ಹಗಲನ್ನು ಇರುಳಾಗಿಸುತ್ತಿದ್ದರು. 1839ರಲ್ಲಿ ಆ ಕಟ್ಟಡ ಸುಟ್ಟುಹೋಯಿತು, ಹೆಸರು ಮಾತ್ರ ಉಳಿಯಿತು. ಮುಂಭಾಗಕ್ಕೆ ಗಾಜಿರುವ ಪೆಟ್ಟಿಗೆಯೊಳಗಿನ ಮಾದರಿಗೆ ನಾನು ‘ದೃಶ್ಯಪೆಟ್ಟಿಗೆ’ ಎನ್ನುತ್ತೇನೆ. ಉಳಿದದ್ದಕ್ಕೆ ಡಯೋರಾಮಾ ಎಂದೇ ಇರಲಿ, ಕಾಫಿಯನ್ನೂ ನಾವು ಹಾಗೆಯೇ ಒಪ್ಪಿಕೊಂಡಿದ್ದೇವಲ್ಲ.

ಪ್ರಶ್ನೆ: ನಮ್ಮ ಅತ್ತೆಯವರು ನಲವತ್ತು ವರ್ಷಗಳಿಂದ ನವರಾತ್ರಿಗೆ ಬೊಂಬೆ ಕೂರಿಸುತ್ತಾರೆ. ಮೆಟ್ಟಿಲುಗಳ ಮುಂದೆ ಅವರು ಮಾಡುವ ಪಾರ್ಕನ್ನು ನೋಡಲೆಂದೇ ಬೀದಿಯ ಮಕ್ಕಳು ಬರುತ್ತಾರೆ. ನನ್ನ ಮಗ ಮಾತ್ರ ಇದು ಡಯೋರಾಮಾ ಅಲ್ಲ, ಇದಕ್ಕೆ ಅಳತೆಯೇ ಇಲ್ಲ ಎಂದು ವಾದಿಸುತ್ತಾನೆ. ಯಾರು ಸರಿ? (ಗೃಹಿಣಿಯೊಬ್ಬರು, ಮಲ್ಲೇಶ್ವರ)

ಮಗನ ಮಾತು ಲೆಕ್ಕದಲ್ಲಿ ಸರಿ. ನಿಮ್ಮ ಅತ್ತೆಯವರು ಸರಿಯಿರುವುದು ಅದಕ್ಕಿಂತ ಮುಖ್ಯವಾದ ಕಡೆಯಲ್ಲಿ.

ಅಳತೆಯ ವಿಷಯ ಮೊದಲು ಮುಗಿಸೋಣ. ಬೊಂಬೆ ಪಾರ್ಕಿನಲ್ಲಿ ಹಸುವಿಗಿಂತ ಗಿಣಿ ದೊಡ್ಡದಿರುತ್ತದೆ, ಶೆಟ್ಟರ ಅಂಗಡಿಯ ಅಕ್ಕಿಕಾಳು ಶೆಟ್ಟರ ಬೆರಳಿಗಿಂತ ದಪ್ಪವಿರುತ್ತದೆ. ಹಬ್ಬಕ್ಕೆ ವಾರ ಮೊದಲು ತಟ್ಟೆಯಲ್ಲಿ ಚೆಲ್ಲಿದ ರಾಗಿ ಮೊಳೆತು, ವಿಜಯದಶಮಿಯ ಹೊತ್ತಿಗೆ ಹತ್ತು ಸೆಂಟಿಮೀಟರ್ ಎತ್ತರ ಬೆಳೆದು ನಿಂತಿರುತ್ತದೆ. 1/35ರ ಅಳತೆಯ, ಅಂದರೆ ನಿಜದ ಮೂವತ್ತೈದರಲ್ಲಿ ಒಂದು ಪಾಲಿನ, ಗೊಂಬೆಯನ್ನು ಅಲ್ಲಿ ನಿಲ್ಲಿಸಿದರೆ ಆ ‘ಹುಲ್ಲು’ ಅವನಿಗೆ ಮೂರೂವರೆ ಮೀಟರ್ ಎತ್ತರ. ಪಾರ್ಕಿಗೆ ಬಂದವನು ಮಂಡ್ಯದ ಕಬ್ಬಿನ ಗದ್ದೆಯಲ್ಲಿ ದಾರಿ ತಪ್ಪಿದಂತಾಗುತ್ತದೆ. ಮಗ ನಕ್ಕರೆ ನಗಲಿ.

ಆದರೆ ದೃಶ್ಯವನ್ನು ಹೊಂದಿಸುವ ಬುದ್ಧಿ ಇದೆಯಲ್ಲ, ಅದು ಆ ಪಾರ್ಕಿನಲ್ಲಿ ಪೂರ್ತಿ ಇದೆ. ಕೊಳಕ್ಕೆ ಕನ್ನಡಿ ಇಟ್ಟು ಅದರ ಅಂಚು ಕಾಣದಂತೆ ಮರಳು ಸುರಿಯುವುದನ್ನು ಅತ್ತೆಯವರಿಗೆ ಯಾರು ಹೇಳಿಕೊಟ್ಟರು? ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ 1/87ರ ಅಳತೆಯಲ್ಲಿ ‘ಗೋರ್ ಅಂಡ್ ಡಫೀಟಿಡ್’ ಎಂಬ ತಮಾಷೆಯ ಹೆಸರಿನ ಪುಟ್ಟ ರೈಲುಮಾರ್ಗವನ್ನು ವರ್ಷಗಟ್ಟಲೆ ಕಟ್ಟುತ್ತಾ ಹೋದ ಜಾನ್ ಅಲೆನ್ ಕೂಡ ಕನ್ನಡಿಗಳನ್ನು ಬಳಸಿಯೇ ಚಿಕ್ಕ ಕೋಣೆಯನ್ನು ದೊಡ್ಡ ಕಣಿವೆಯನ್ನಾಗಿ ಮಾಡಿದ್ದರು. ಅವರ ಕನ್ನಡಿಯ ಅಂಚನ್ನು ಕಟ್ಟಡವೋ ಸೇತುವೆಯೋ ಮರೆಮಾಡುತ್ತಿತ್ತು, ನಿಮ್ಮ ಮನೆಯಲ್ಲಿ ಮರಳು. ಅಳತೆಯಲ್ಲಿ ಅಷ್ಟು ಕಟ್ಟುನಿಟ್ಟಾದ ಅಲೆನ್ ತಮ್ಮ ರೈಲುಗಳ ಸಾಲಿನಲ್ಲಿ ಎಮ್ಮಾ ಎಂಬ ಡೈನೋಸಾರನ್ನೂ ಎಂಜಿನ್ನಿನ ಬದಲಿಗೆ ನಿಲ್ಲಿಸಿದ್ದರು ಎಂಬುದನ್ನು ಮಗನಿಗೆ ತಿಳಿಸಿ. ದುಃಖದ ಸಂಗತಿಯೆಂದರೆ, ಅವರು 1973ರ ಜನವರಿಯಲ್ಲಿ ತೀರಿಕೊಂಡ ಹತ್ತೇ ದಿನಗಳಲ್ಲಿ ಆ ರೈಲುಮಾರ್ಗದ ಬಹುಭಾಗ ಬೆಂಕಿಗೆ ಆಹುತಿಯಾಯಿತು. ನಾವೀಗ ನೋಡುವುದು ಅವರೇ ತೆಗೆದಿಟ್ಟ ಛಾಯಾಚಿತ್ರಗಳನ್ನು. ಅತ್ತೆಯವರ ಪಾರ್ಕಿನ ಫೋಟೋವನ್ನು ಈ ವರ್ಷ ತಪ್ಪದೆ ತೆಗೆದಿಡಿ.

ಪ್ರಶ್ನೆ: ನಮ್ಮ ಅಜ್ಜನ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಮಂಗಳೂರು ಹೆಂಚು, ಚೂಪು ಮರದ ಹೊದಿಕೆಯ ಮಂಕಿ ಟಾಪ್ ಕಿಟಕಿ, ಮುಂದೊಂದು ದೊಡ್ಡ ಮಳೆಮರ, ಇವಿಷ್ಟನ್ನೂ ಡಯೋರಾಮಾ ಆಗಿ ಕಟ್ಟುವ ಆಸೆ. ಮೊದಲ ಪ್ರಯತ್ನ. ಯಾವ ಅಳತೆ ಆರಿಸಲಿ? (ಓದುಗರೊಬ್ಬರು, ಚಾಮರಾಜಪೇಟೆ)

ಅಳತೆಯನ್ನು ಮನೆಯಿಂದ ಅಲ್ಲ, ಮರದಿಂದ ಆರಿಸಿ.

ಬೆಂಗಳೂರಿನವರಿಗೆ ಮೂವತ್ತು ನಲವತ್ತರ ಸೈಟು ಎಂದರೆ ಲೆಕ್ಕ ತಟ್ಟನೆ ಹೊಳೆಯುತ್ತದೆ, ಆದ್ದರಿಂದ ಅದನ್ನೇ ತೆಗೆದುಕೊಳ್ಳೋಣ. ಆ ಸೈಟು 1/35ರಲ್ಲಿ ಸುಮಾರು 26 ಸೆಂ.ಮೀ. ಅಗಲ, 35 ಸೆಂ.ಮೀ. ಉದ್ದವಾಗುತ್ತದೆ, 1/72ರಲ್ಲಿ 13ಕ್ಕೆ 17 ಸೆಂ.ಮೀ. ಎರಡೂ ಮೇಜಿನ ಮೇಲೆ ಹಿಡಿಸುತ್ತವೆ. ಆದರೆ ಇಪ್ಪತ್ತು ಮೀಟರ್ ಎತ್ತರದ ಮಳೆಮರ 1/35ರಲ್ಲಿ 57 ಸೆಂ.ಮೀ. ಆಗುತ್ತದೆ, ಅದರ ಹರವು ಅದಕ್ಕಿಂತಲೂ ಹೆಚ್ಚು. ಇದನ್ನು ನೋಡಿದೊಡನೆ ಎಲ್ಲರೂ ಮರವನ್ನು ಗಿಡ್ಡ ಮಾಡುತ್ತಾರೆ. ನಾನು ನೋಡಿರುವ ಹವ್ಯಾಸಿಗಳ ಡಯೋರಾಮಾಗಳಲ್ಲಿ ಅತ್ಯಂತ ಸಾಮಾನ್ಯ ದೋಷ ಇದೇ: ಗುಂಡಿ, ಮೊಳೆ, ಚಕ್ರದ ಕಡ್ಡಿ ಎಲ್ಲವೂ ಕರಾರುವಾಕ್ಕಾಗಿರುತ್ತವೆ, ಪಕ್ಕದ ಮರ ಮಾತ್ರ ದಾಸವಾಳದ ಗಿಡದಷ್ಟಿರುತ್ತದೆ. ಹಳೆಯ ಬೆಂಗಳೂರಿನ ಮನೆ ಮರದ ಕೆಳಗೆ ಪುಟ್ಟದಾಗಿ ಕಾಣುತ್ತಿತ್ತು ಎಂಬುದೇ ನಿಮ್ಮ ನೆನಪಿನ ತಿರುಳಾಗಿದ್ದರೆ 1/72 ಸರಿ. ಮರ 28 ಸೆಂ.ಮೀ. ಇರುತ್ತದೆ, ಐದೂವರೆ ಅಡಿಯ ಅಜ್ಜ 23 ಮಿಲಿಮೀಟರ್ ಇರುತ್ತಾರೆ. ಅಜ್ಜನ ಮುಖ, ಜಗಲಿಯ ಮೇಲಿನ ದಿನಪತ್ರಿಕೆ, ಕಿಟಕಿಯ ಮರಗೆಲಸ ಮುಖ್ಯವೆನಿಸಿದರೆ 1/35 ತೆಗೆದುಕೊಳ್ಳಿ, ಆದರೆ ಮರದ ಕಾಂಡವನ್ನಷ್ಟೇ ಕಟ್ಟಿ, ಅದು ಚೌಕಟ್ಟಿನಾಚೆಗೂ ಬೆಳೆದಿದೆ ಎಂಬಂತೆ ಮೇಲ್ಗಡೆ ಕತ್ತರಿಸಿಬಿಡಿ. ಗಿಡ್ಡ ಮರಕ್ಕಿಂತ ಕತ್ತರಿಸಿದ ಮರ ಹೆಚ್ಚು ಎತ್ತರವಾಗಿ ಕಾಣುತ್ತದೆ.

35 ಎಂಬ ಬೆಸ ಸಂಖ್ಯೆ ಎಲ್ಲಿಂದ ಬಂತೆಂದು ಹಲವರು ಕೇಳುತ್ತಾರೆ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಕಿಟ್ ತಯಾರಿಸುವಾಗ ಒಳಗೆ ಮೋಟಾರು, ಬ್ಯಾಟರಿ ಕೂರಬೇಕಿತ್ತು. ಅವು ಕೂರುವಷ್ಟು ದೊಡ್ಡದು ಮಾಡಿ ಆಮೇಲೆ ಅಳೆದರೆ ಸುಮಾರು 1/35 ಬಂತು. ಇವತ್ತು ಜಗತ್ತಿನ ಸೇನಾ ಡಯೋರಾಮಾಗಳೆಲ್ಲ ಬಹುಪಾಲು ಆ ಬ್ಯಾಟರಿಯ ಗಾತ್ರಕ್ಕೆ ತಲೆಬಾಗಿವೆ. ಇದರಿಂದ ನಿಮಗಿರುವ ಅನುಕೂಲವೆಂದರೆ 1/35ರಲ್ಲಿ ಸೈಕಲ್ಲು, ಕೊಡ, ಬುಟ್ಟಿ, ಬಾಗಿಲು ಎಲ್ಲವೂ ಸಿದ್ಧವಾಗಿ ಸಿಗುತ್ತವೆ, ಮುಖಗಳು ಮಾತ್ರ ಯುರೋಪಿನವು.

ಹೆಂಚಿನ ಬಗ್ಗೆ ಒಂದು ಎಚ್ಚರಿಕೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರು ಪಡೆದ ಈ ಹೆಂಚು ಸುಮಾರು 41 ಸೆಂ.ಮೀ. ಉದ್ದ, 23 ಸೆಂ.ಮೀ. ಅಗಲ ಇರುತ್ತದೆ. 1/35ರಲ್ಲಿ ಅದು 12 ಮಿ.ಮೀ.ಗೆ 7 ಮಿ.ಮೀ. ನೂರು ಚದರ ಮೀಟರ್ ಛಾವಣಿಗೆ ಸುಮಾರು 1500 ಹೆಂಚು ಬೇಕು. ಅಷ್ಟನ್ನೂ ಒಂದೊಂದಾಗಿ ಅಂಟಿಸಿ ಎನ್ನುವಷ್ಟು ಕಠಿಣ ಹೃದಯ ನನಗಿಲ್ಲ. ದಪ್ಪ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಬರೆಯದ ಬಾಲ್‌ಪೆನ್ನಿನಿಂದ ಹೆಂಚಿನ ಏಣುಗಳನ್ನು ಒತ್ತಿ, ಸಾಲು ಸಾಲಾಗಿ ಒಂದರ ಮೇಲೊಂದು ಹೊದಿಸಿ. ಎಲ್ಲ ಮುಗಿದ ಮೇಲೆ ಏಳೆಂಟು ಹೆಂಚನ್ನು ಮಾತ್ರ ಬಿಡಿಯಾಗಿ ಮಾಡಿ ಒಂದೆರಡನ್ನು ಜಾರಿಸಿ, ಒಂದನ್ನು ಒಡೆದು, ಎರಡನ್ನು ಹೊಸ ಕೆಂಪಿನಲ್ಲಿ ಇಡಿ. ನೋಡುವವರ ಕಣ್ಣು ಆ ಎಂಟನ್ನು ನೋಡಿ ಉಳಿದ 1492ನ್ನು ನಂಬಿಬಿಡುತ್ತದೆ.

ಇನ್ನು ಗಳಿಗೆ. ಮನೆಯನ್ನು ಕಟ್ಟಿದರೆ ಅದು ವಾಸ್ತುಶಿಲ್ಪಿಯ ಮಾದರಿಯಾಗುತ್ತದೆ, ಅಜ್ಜನ ಮನೆಯಾಗುವುದಿಲ್ಲ. ಹೀಗೊಂದು ದೃಶ್ಯವನ್ನು ಯೋಚಿಸಿ. ಬೆಳಿಗ್ಗೆ, ಬಾಗಿಲ ಮುಂದೆ ನೀರು ಚಿಮುಕಿಸಿದ ನೆಲ ಇನ್ನೂ ಒದ್ದೆಯಾಗಿದೆ, ರಂಗೋಲಿಯ ಎಳೆ ಅರ್ಧಕ್ಕೆ ನಿಂತಿದೆ, ಪುಡಿಯ ಬಟ್ಟಲು ಮೆಟ್ಟಿಲ ಮೇಲೆ ವಾಲಿಕೊಂಡಿದೆ, ಒದ್ದೆ ಹೆಜ್ಜೆಗಳು ಹೊಸಿಲು ದಾಟಿ ಒಳಗೆ ಹೋಗಿವೆ. ಒಬ್ಬ ಮನುಷ್ಯನೂ ಇಲ್ಲ. ಆದರೆ ಒಳಗೆ ಹಾಲು ಉಕ್ಕಿತು ಎಂಬುದು ನೋಡಿದ ಎಲ್ಲರಿಗೂ ಗೊತ್ತಾಗುತ್ತದೆ. 1/35ರಲ್ಲಿ ಗೊಂಬೆಯ ಮುಖಕ್ಕೆ ಬಣ್ಣ ಹಚ್ಚುವ ಕಷ್ಟದಿಂದಲೂ ನೀವು ಪಾರಾಗುತ್ತೀರಿ.

ಪ್ರಶ್ನೆ: ವಿವರಗಳು ಎಷ್ಟಿದ್ದರೆ ಸಾಕು? ನನಗೆ ನಿಲ್ಲಿಸುವುದೇ ತಿಳಿಯುವುದಿಲ್ಲ. (ಓದುಗರೊಬ್ಬರು, ಯಲಹಂಕ)

ವಿವರಗಳಿಗೆ ಮಿತಿಯೇ ಇಲ್ಲದ ಡಯೋರಾಮಾಗಳೂ ಇವೆ, ಅವುಗಳ ಉದ್ದೇಶ ಮಾತ್ರ ಬೇರೆ. ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬ ಮಹಿಳೆ 1940ರ ದಶಕದಲ್ಲಿ, ಅನುಮಾನಾಸ್ಪದ ಸಾವು ನಡೆದ ಕೋಣೆಗಳನ್ನು ಅಡಿಗೊಂದು ಅಂಗುಲದ ಅಳತೆಯಲ್ಲಿ ಕಟ್ಟಿದರು. ಪೊಲೀಸರಿಗೆ ತನಿಖೆ ಕಲಿಸುವುದು ಅದರ ಉದ್ದೇಶ. ಪ್ರತಿ ಕೋಣೆಯ ಮುಂದೆ 90 ನಿಮಿಷ ನಿಂತು ಗಮನಿಸಬೇಕಿತ್ತು. ಗೊಂಬೆಯ ಕಾಲುಚೀಲವನ್ನು ಅವರು ಗುಂಡುಸೂಜಿಗಳಿಂದ ಹೆಣೆದಿದ್ದರು. ಆ ಕೋಣೆಗಳಲ್ಲಿ ಹದಿನೆಂಟು ಇಂದಿಗೂ ಬಾಲ್ಟಿಮೋರಿನ ವೈದ್ಯಕೀಯ ಪರೀಕ್ಷಕರ ಕಚೇರಿಯಲ್ಲಿವೆ. ಅಲ್ಲಿ ಕ್ಯಾಲೆಂಡರಿನ ತಾರೀಕೂ ಸಾಕ್ಷಿಯೇ, ಆದ್ದರಿಂದ ಒಂದು ವಿವರವೂ ದಂಡವಲ್ಲ. ನಿಮ್ಮ ದೃಶ್ಯದಲ್ಲಿರುವ ಪ್ರತಿ ವಸ್ತುವನ್ನೂ ತನಿಖಾಧಿಕಾರಿಯಂತೆ ಕೇಳಿ: ನೀನೇಕೆ ಇಲ್ಲಿದ್ದೀ? ಉತ್ತರವಿಲ್ಲದ್ದನ್ನು ಎತ್ತಿ ಡಬ್ಬಿಗೆ ಹಾಕಿ, ಮುಂದಿನದಕ್ಕೆ ಬಂದೀತು.

ಪ್ರಶ್ನೆ: ಕಪ್ಪು ತೆಳುಬಣ್ಣ ಹರಿಸಿ, ಆಮೇಲೆ ಒಣ ಕುಂಚದಿಂದ ತಿಳಿಬಣ್ಣ ಸವರುವ ವಿಧಾನ ಹಳತಾಯಿತು ಎಂದು ಕಿರಿಯ ಗೆಳೆಯರು ಹೇಳುತ್ತಾರೆ. ನಿಜವೇ? (ಓದುಗರೊಬ್ಬರು, ಜಾಲಹಳ್ಳಿ)

ವಿಧಾನ ಹಳೆಯದು, ಹೌದು. ಬೆಲ್ಜಿಯಂನ ಮಾದರಿಗಾರ ಫ್ರಾಂಸ್ವಾ ವರ್ಲಿಂಡನ್ ಅವರ ಕೆಲಸದಿಂದ 1980ರ ದಶಕದಲ್ಲಿ ಅದು ಮನೆಮಾತಾಯಿತು. ಆಗಿನ ಹುಮ್ಮಸ್ಸಿನಲ್ಲಿ ಎಲ್ಲ ಟ್ಯಾಂಕುಗಳ ಅಂಚಿಗೂ ವಿಭೂತಿ ಬಳಿದಂತೆ ಬೂದುಬಣ್ಣ ಬಂದದ್ದೂ ನಿಜ. ಆದರೆ ಆ ವಿಧಾನದ ಹಿಂದಿರುವ ಕಾರಣ ಹಳತಾಗುವುದಿಲ್ಲ. ನಾವು ವಸ್ತುವನ್ನು ಕುಗ್ಗಿಸುತ್ತೇವೆ, ಬೆಳಕನ್ನು ಕುಗ್ಗಿಸಲಾಗುವುದಿಲ್ಲ. ನಿಜವಾದ ಬಾಗಿಲಿನ ಸಂದಿನಲ್ಲಿ ಬೀಳುವ ದಟ್ಟ ನೆರಳು ಅರ್ಧ ಮಿಲಿಮೀಟರಿನ ಸಂದಿನಲ್ಲಿ ಬೀಳುವುದಿಲ್ಲ, ಆದ್ದರಿಂದ ಅದನ್ನು ಬಣ್ಣದಲ್ಲಿ ಬರೆಯಬೇಕು. ಇನ್ನೊಂದು ಲೆಕ್ಕ: 1/72ರ ಮಾದರಿಯನ್ನು ಒಂದು ಅಡಿ ದೂರದಿಂದ ನೋಡುವುದೆಂದರೆ ನಿಜವಾದದ್ದನ್ನು 72 ಅಡಿ ದೂರದಿಂದ ನೋಡಿದಂತೆ. ಅಷ್ಟು ದೂರಕ್ಕೆ ಬಣ್ಣ ಸ್ವಲ್ಪ ಮಾಸಿ ಕಾಣುತ್ತದೆ. ಹಾಗಾಗಿ ಡಬ್ಬಿಯ ಬಣ್ಣಕ್ಕೆ ಒಂದಿಷ್ಟು ತಿಳಿಬಣ್ಣ ಬೆರೆಸಿ. ಒಣ ಕುಂಚದಲ್ಲಿ ಬಿಳಿಯನ್ನು ಬಿಟ್ಟು, ಮೂಲ ಬಣ್ಣಕ್ಕಿಂತ ಒಂದೇ ಛಾಯೆ ತಿಳಿಯಾದದ್ದನ್ನು ಬಳಸಿ. ಕುಂಚವನ್ನು ಕಾಗದದ ಮೇಲೆ ಉಜ್ಜಿ, ಇನ್ನು ಏನೂ ಉಳಿದಿಲ್ಲ ಎನಿಸಿದ ಮೇಲೆ ಮಾದರಿಗೆ ತಾಗಿಸಿ. ಗೆಳೆಯರಿಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಹಿತ್ತಲಿನ ಕೆಂಪು ಮಣ್ಣನ್ನೇ ಬಳಸಿದೆ. ಆಗಸ್ಟ್ ಬರುವಷ್ಟರಲ್ಲಿ ಬೂಷ್ಟು ಬಂತು, ಬಣ್ಣವೂ ಕಪ್ಪಾಯಿತು. (ಓದುಗರೊಬ್ಬರು, ಕೆಂಗೇರಿ)

ಮಣ್ಣನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿದು ಆರಿಸಿದರೆ ಬೂಷ್ಟು, ಹುಳು ಎರಡರ ಕಾಟವೂ ತಪ್ಪುತ್ತದೆ. ಸಮ ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ, ಮೇಲಿನಿಂದ ತೊಟ್ಟಿಕ್ಕಿಸಿ. ಅಂಟು ಹೀರಿದ ಮಣ್ಣು ಒಣಗಿದ ಮೇಲೂ ಗಾಢವಾಗಿಯೇ ಉಳಿಯುತ್ತದೆ, ಅದು ಅದರ ಗುಣ. ಆದ್ದರಿಂದ ಮಣ್ಣನ್ನು ಒರಟುತನಕ್ಕಾಗಿ ಮಾತ್ರ ಬಳಸಿ, ಬಣ್ಣವನ್ನು ಬಣ್ಣದಿಂದಲೇ ಕೊಡಿ. ತಳಕ್ಕೆ ಥರ್ಮಾಕೋಲ್ ಇಟ್ಟಿದ್ದರೆ ಸ್ಪ್ರೇ ಡಬ್ಬಿಯನ್ನು ಅದರ ಹತ್ತಿರವೂ ತರಬೇಡಿ, ಕಣ್ಣೆದುರೇ ಕರಗಿಹೋಗುತ್ತದೆ.

ಪ್ರಶ್ನೆ: ದೃಶ್ಯಪೆಟ್ಟಿಗೆಯೊಂದನ್ನು ಮಾಡುತ್ತಿದ್ದೇನೆ. ಹಿಂದಿನ ಆಕಾಶದ ಚಿತ್ರ ಎಷ್ಟು ಚೆನ್ನಾಗಿದ್ದರೂ ಗೋಡೆಗೆ ಅಂಟಿಸಿದ ಪೋಸ್ಟರಿನಂತೆ ಕಾಣುತ್ತದೆ. ಒಳಗಿನ ದೀಪವೂ ಕಣ್ಣು ಕುಕ್ಕುತ್ತದೆ. (ಓದುಗರೊಬ್ಬರು, ಜಯನಗರ)

ಪೆಟ್ಟಿಗೆಯ ಮೂಲೆ ಕಾಣುತ್ತಿರಬೇಕು. ಮೂಲೆ ಕಂಡ ಕ್ಷಣವೇ ಆಕಾಶ ಗೋಡೆಯಾಗುತ್ತದೆ. ಈ ಸಮಸ್ಯೆಯನ್ನು ನಮಗಿಂತ ಮೊದಲು ನಿಸರ್ಗ ಇತಿಹಾಸದ ವಸ್ತುಸಂಗ್ರಹಾಲಯದವರು ಬಗೆಹರಿಸಿದ್ದಾರೆ. ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುತ್ತಿದ್ದ ಅಮೆರಿಕದ ಕಾರ್ಲ್ ಏಕ್ಲಿ 1890ರಲ್ಲಿ ಮಿಲ್ವಾಕಿಯ ಸಂಗ್ರಹಾಲಯಕ್ಕಾಗಿ ಕಸ್ತೂರಿ ಇಲಿಗಳ ಜೌಗು ನೆಲೆಯೊಂದನ್ನು ಕಟ್ಟಿದರು, ಅದು ಇಂದಿಗೂ ಅಲ್ಲಿದೆ. ಮುಂದೆ ಅವರ ಹೆಸರಿನ ಆಫ್ರಿಕಾ ಪ್ರಾಣಿಗಳ ಸಭಾಂಗಣ 1936ರಲ್ಲಿ ನ್ಯೂಯಾರ್ಕಿನ ನಿಸರ್ಗ ಇತಿಹಾಸದ ಸಂಗ್ರಹಾಲಯದಲ್ಲಿ ತೆರೆಯಿತು, ಅದನ್ನು ನೋಡಲು ಅವರು ಬದುಕಿರಲಿಲ್ಲ. ಅಲ್ಲಿನ ಹಿನ್ನೆಲೆಗಳು ಬಟ್ಟಲಿನ ಒಳಮೈಯಂತೆ ಬಾಗಿವೆ. ಬಾಗಿದ ಗೋಡೆಯ ಮೇಲೆ ದಿಗಂತ ಡೊಂಕಾಗದಂತೆ ಬರೆಯಲು ಅದೇ ಸಂಗ್ರಹಾಲಯದ ಚಿತ್ರಕಾರ ಜೇಮ್ಸ್ ಪೆರ್ರಿ ವಿಲ್ಸನ್ ಚೌಕುಳಿಗಳ ಲೆಕ್ಕವನ್ನೇ ಮಾಡಿಕೊಂಡಿದ್ದರು. ನಿಮ್ಮ ಪೆಟ್ಟಿಗೆಗೆ ಅಷ್ಟು ಬೇಡ. ದಪ್ಪ ಡ್ರಾಯಿಂಗ್ ಹಾಳೆಯನ್ನು ಮೂಲೆಗಳಲ್ಲಿ ಬಾಗಿಸಿ ಒಳಗಿಟ್ಟರೆ ಮೂಲೆ ಮಾಯವಾಗುತ್ತದೆ. ದಿಗಂತದ ಗೆರೆಯನ್ನು ನೋಡುವವರ ಕಣ್ಣಿನ ಮಟ್ಟಕ್ಕೇ ಎಳೆಯಿರಿ, ಮೇಲಿನಿಂದ ಇಣುಕಿ ನೋಡುವ ಅವಕಾಶ ಕೊಡಬೇಡಿ. ಆಕಾಶ ದಿಗಂತದ ಬಳಿ ಬಿಳಿಚಿಕೊಂಡು ಮೇಲೇರಿದಂತೆ ನೀಲಿಯಾಗಬೇಕು. ಹಿಂದಿನ ಸಾಲಿನ ಮನೆಗಳನ್ನು ಒಂದು ಅಳತೆ ಚಿಕ್ಕದು ಮಾಡಿದರೆ, ಅಂದರೆ ಮುಂದೆ 1/35 ಇದ್ದಾಗ ಹಿಂದೆ 1/72 ಇಟ್ಟರೆ, ಒಂದು ಗೇಣು ಆಳ ಒಂದು ಬೀದಿಯಷ್ಟಾಗುತ್ತದೆ.

ದೀಪದ ಬಗ್ಗೆ: ಬಲ್ಬು ನೇರವಾಗಿ ಕಣ್ಣಿಗೆ ಬೀಳಬಾರದು, ಮುಂಭಾಗದ ಚೌಕಟ್ಟಿನ ಹಿಂದೆ ಅಡಗಿರಲಿ. ಎಸ್.ಪಿ. ರಸ್ತೆಯಲ್ಲಿ ಎಲ್‌ಇಡಿ ಕೊಳ್ಳುವಾಗ ಹಾಲುಬಿಳಿಯದನ್ನು ಬಿಟ್ಟು ಹಳದಿ ಬೆರೆತ ಬಿಳಿಯದನ್ನು ಕೇಳಿ, ಹಳೆಯ ಮನೆಯ ಬುರುಡೆ ದೀಪಕ್ಕೆ ಅದೇ ಹೊಂದುತ್ತದೆ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಸಾಕು. 9 ವೋಲ್ಟಿನ ಅಡಾಪ್ಟರಿನಲ್ಲಿ ಅದರ ಪೂರ್ಣ ಬೆಳಕಿಗೆ ಅಂಗಡಿಯವರು 330 ಓಮ್ ರೆಸಿಸ್ಟರ್ ಕೊಡುತ್ತಾರೆ. ನೀವು 1 ಕಿಲೋ ಓಮ್ ಹಾಕಿ. ಸುಮಾರು 6 ಮಿಲಿ ಆಂಪಿಯರ್ ಹರಿದು, ಬೆಳಕು ಕುಕ್ಕದೆ ಮನೆಯೊಳಗೆ ಯಾರೋ ಇದ್ದಾರೆ ಎನಿಸುವಷ್ಟೇ ಇರುತ್ತದೆ.

ಪ್ರಶ್ನೆ: ಬೆಂಗಳೂರಿನ ಆಸುಪಾಸಿನಲ್ಲಿ ಸ್ಫೂರ್ತಿಗೆ ಎಲ್ಲಿ ಹೋಗಬೇಕು? (ವಿದ್ಯಾರ್ಥಿನಿಯೊಬ್ಬರು, ಹೆಬ್ಬಾಳ)

ಮಾದರಿಗಳನ್ನಲ್ಲ, ಮೂಲವನ್ನು ನೋಡಲು ಹೋಗಿ. ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ, 1961ರಲ್ಲಿ ಮೊದಲು ಹಾರಿದ, ಎಚ್‌ಎಎಲ್‌ನದೇ ತಯಾರಿಕೆಯಾದ ಮಾರುತ್ ಯುದ್ಧವಿಮಾನವಿದೆ. ಬಿಸಿಲು ಮಳೆಗೆ ಮೈಯೊಡ್ಡಿ ನಿಂತ ವಿಮಾನದ ಬಣ್ಣ ಮೇಲ್ಮೈಯಲ್ಲಿ ಹೇಗೆ ಮಾಸುತ್ತದೆ, ಮೊಳೆಯ ಕೆಳಗೆ ಕೊಳೆ ಯಾವ ದಿಕ್ಕಿಗೆ ಇಳಿಯುತ್ತದೆ ಎಂಬುದನ್ನು ಅಂಥಲ್ಲೇ ಕಲಿಯಬೇಕು. ದೃಶ್ಯ ಹೊಂದಿಸುವುದನ್ನು ಕಲಿಯಲು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1780ರ ಪೊಳ್ಳಿಲೂರು ಕದನದ ಭಿತ್ತಿಚಿತ್ರದಲ್ಲಿ ಸ್ಫೋಟಿಸುವ ಮದ್ದಿನ ಬಂಡಿಯೂ, ಪಲ್ಲಕ್ಕಿಯಲ್ಲಿ ಕೂತ ಗಾಯಾಳು, ಬ್ರಿಟಿಷ್ ಪಡೆಯ ಕರ್ನಲ್ ಬೇಯ್ಲಿಯೂ ಸಾವಿರ ಜನರ ನಡುವೆ ನಿಮ್ಮ ಕಣ್ಣಿಗೆ ಹೇಗೆ ಬಿದ್ದರು ಎಂದು ಯೋಚಿಸಿ. ಸುತ್ತ ಕಟ್ಟಿದ ಸೈನಿಕರ ಚೌಕವೇ ನಿಮ್ಮನ್ನು ಅಲ್ಲಿಗೆ ಕರೆದೊಯ್ದಿರುತ್ತದೆ.

ಪ್ರಶ್ನೆ: ಎರಡು ತಿಂಗಳು ದುಡಿದು ಕಟ್ಟಿದ ವಿಮಾನದ ಕಾಕ್‌ಪಿಟ್ ಗಾಜು ರಾತ್ರೋರಾತ್ರಿ ಬೆಳ್ಳಗಾಗಿದೆ. ಎಸೆಯಬೇಕೆನಿಸುತ್ತಿದೆ. (ಓದುಗರೊಬ್ಬರು, ಬನಶಂಕರಿ)

ಎಸೆಯಬೇಡಿ. ಸೂಪರ್ ಗ್ಲೂ ಒಣಗುವಾಗ ಏಳುವ ಆವಿ ಗಾಜಿನ ಭಾಗದ ಮೇಲೆ ಕೂತು ಹೀಗೆ ಮಂಜು ಕಟ್ಟುತ್ತದೆ, ಗಾಳಿಯಾಡದ ಮುಚ್ಚಿದ ಜಾಗದಲ್ಲಿ ಮತ್ತು ತೇವದ ಹವೆಯಲ್ಲಿ ಇನ್ನೂ ಹೆಚ್ಚು. ಕೈಗೆ ಎಟುಕುವ ಕಡೆಯಿದ್ದರೆ ಹೊಳಪಿನ ಪಾರದರ್ಶಕ ಅಕ್ರಿಲಿಕ್ ವಾರ್ನಿಷನ್ನು ತೆಳುವಾಗಿ ಸವರಿ, ಮಂಜು ಬಹುಮಟ್ಟಿಗೆ ಮರೆಯಾಗುತ್ತದೆ.

ನನಗೂ ಇದು ಆಗಿದೆ, ಪ್ರದರ್ಶನದ ಹಿಂದಿನ ರಾತ್ರಿ. ನಗರದ ಹಳೆಯ ಬಸ್ಸೊಂದು ನಿಲ್ದಾಣದಲ್ಲಿ ನಿಂತಿರುವ ದೃಶ್ಯ ಅದು, ಬಿರುಬಿಸಿಲಿನ ಮಧ್ಯಾಹ್ನ. ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಗಳೆಲ್ಲ ಮಬ್ಬಾಗಿದ್ದವು, ಬಸ್ಸಿನ ಮೈ ಮುಚ್ಚಿ ಅಂಟಿಸಿದ್ದರಿಂದ ಒಳಗೆ ಕೈ ಹಾಕುವಂತಿರಲಿಲ್ಲ. ಒಂದು ಗಂಟೆ ತಲೆಯ ಮೇಲೆ ಕೈ ಹೊತ್ತು ಕೂತು, ಕೊನೆಗೆ ಮಧ್ಯಾಹ್ನವನ್ನು ಬಿಟ್ಟುಕೊಟ್ಟೆ. ರಸ್ತೆಗೆ ಹೊಳಪಿನ ವಾರ್ನಿಷ್ ಬಳಿದು ಒದ್ದೆ ಮಾಡಿದೆ, ಗುಂಡಿಯೊಂದರಲ್ಲಿ ನೀರು ನಿಲ್ಲಿಸಿದೆ, ಕಾಯುತ್ತಿದ್ದ ಮುದುಕನ ಕೈಯ ಚೀಲವನ್ನು ಅವನ ತಲೆಯ ಮೇಲಕ್ಕೆ ಏರಿಸಿದೆ. ಪ್ರದರ್ಶನದಲ್ಲಿ ಹಿರಿಯರೊಬ್ಬರು ಬಹಳ ಹೊತ್ತು ಬಗ್ಗಿ ನೋಡಿ, ಜುಲೈ ತಿಂಗಳ ಬಸ್ಸಿನ ಕಿಟಕಿ ಥೇಟ್ ಹೀಗೇ ಇರುತ್ತದೆ, ಒಳಗಿನ ಜನರ ಉಸಿರು ಕಾಣುತ್ತಿದೆ ಎಂದರು. ನಾನು ಕೈಮುಗಿದು ಸುಮ್ಮನಾದೆ. ಅಂದಿನಿಂದ ಗಾಜಿನ ಭಾಗಗಳಿಗೆ ಫೆವಿಕಾಲ್ ಬಿಟ್ಟು ಬೇರೇನನ್ನೂ ಮುಟ್ಟಿಸಿಲ್ಲ. ಒಣಗಲು ತಡವಾಗುತ್ತದೆ, ಆದರೆ ಮಳೆ ಬರಬೇಕೋ ಬೇಡವೋ ಎಂಬುದನ್ನು ನಾನೇ ತೀರ್ಮಾನಿಸಬಹುದು.